ಬೀಡು, ಬಂಗಲೆ, ಲೈನ್‌ಮನೆ

ಹೊಯ್ಸಳರ ದೋರಸಮುದ್ರ ಪಾಳುಬಿದ್ದ ಮೇಲೆ ಜನರ ಬಾಯಲ್ಲಿ ಉಳಿದ ಹೆಸರು ಹಳೇಬೀಡು. ಬೀಡು ಎಂದರೆ ನೆಲೆ; ತುಳುನಾಡಿನಲ್ಲಿ ಇಂದಿಗೂ ಅದು ಅಧಿಕಾರಸ್ಥ ಮನೆತನದ ದೊಡ್ಡಮನೆಗೆ ಸಲ್ಲುವ ಹೆಸರು. ಅಲ್ಲಿನ ಬೀಡಿಗೆ ದೈವದ ನೇಮ ಅಂಟಿಕೊಂಡಿದೆ, ನೇಮದಲ್ಲಿ ಊರಿನ ಬೇರೆ ಬೇರೆ ಸಮುದಾಯಗಳಿಗೆ ಗೊತ್ತಾದ ಪಾಲಿದೆ. ಹಳೆಯ ಮನೆಗಳನ್ನು ಜೀರ್ಣೋದ್ಧಾರಗೊಳಿಸಿ ಐಷಾರಾಮಿ ವಸತಿಗೃಹಗಳನ್ನಾಗಿಸುವ ಉದ್ಯಮವನ್ನು ಈ ಅರ್ಥದ ಬೆಳಕಿನಲ್ಲಿಯೇ ನೋಡುವುದು ಉಚಿತ.

ಹಳೇಬೀಡಿನಲ್ಲಿ ಗುಡಿಗಳು ನಿಂತಿವೆ, ಅರಮನೆ ನಿಂತಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಗಲಲ್ಲಿ ಶಿಲ್ಪ ಕಂಡವರಲ್ಲಿ ಉಳ್ಳವರು ಇರುಳಿಗೆ ಅರಸುವುದು ಸಕಲೇಶಪುರ, ಚಿಕ್ಕಮಗಳೂರು ಸೀಮೆಯ ತೋಟದ ಬಂಗಲೆಗಳನ್ನು.

ಎಲ್ಲ ಪರಿವರ್ತನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೈಸೂರಿನ ಲಲಿತಮಹಲನ್ನು 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕೆಂದೇ ಕಟ್ಟಿಸಿದರು; 1974ರಲ್ಲಿ ಅದು ಹೋಟೆಲಾದಾಗ ಅತಿಥಿ ಬದಲಾದನೇ ಹೊರತು ಮನೆಯ ಕೆಲಸ ಬದಲಾಗಲಿಲ್ಲ. ಬಂಗಲೆಯ ಮಾತು ಬೇರೆ. ಅದು ದುಡಿಮೆಯನ್ನು ಆಳಿದ ಮನೆ. ದೊರೆ, ರೈಟರು, ಮೇಸ್ತ್ರಿ, ಆಳು ಎಂಬ ಏಣಿಯ ತುದಿ ಅದು, ಬುಡದಲ್ಲಿದ್ದದ್ದು ಲೈನ್‌ಮನೆ. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಕಟ್ಟುಬಿದ್ದು ಘಟ್ಟ ಹತ್ತಿದವರ ನೆಲೆ ಅದು.

ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಜೀರ್ಣೋದ್ಧಾರಗೊಂಡ ಬಂಗಲೆಯ ಪಡಸಾಲೆ ಸಾಮಾನ್ಯವಾಗಿ ಹೇಳುವ ಕಥೆಯೂ ಇಷ್ಟೇ: ಬೆಂಕಿಗೂಡು, ಬೀಟೆಮರದ ಕುರ್ಚಿ, ಬೇಟೆಯ ಚಿತ್ರ. (ಚಿನ್ನ ಈಗ ಬಾಡಿಗೆಯ ರೂಪದಲ್ಲಿದೆ.) ಕೊಡಗಿನ ಪೊಲ್ಲಿಬೆಟ್ಟದ ಕೊಟ್ಟಬೆಟ್ಟ ಬಂಗಲೆಯೂ ಸೇರಿದಂತೆ ಟಾಟಾ ಕಾಫಿಯ ಬಂಗಲೆಗಳನ್ನು ತಾಜ್ ಸಮೂಹ 2018ರಲ್ಲಿ ‘ಅಮಾ’ ಎಂಬ ಹೆಸರಿನಡಿ ತಂದಿತು. ಮಲೆನಾಡಿನ ಮಳೆಗೆ ಹೆಂಚು, ತೊಲೆ ಕುಸಿಯದೆ ಉಳಿಯುವುದು ಸಣ್ಣ ಸಂಗತಿಯಲ್ಲ. ಕೇವಲ ಗತಪ್ರೇಮದಿಂದ ಯಾವ ಮಾಡೂ ನಿಲ್ಲುವುದಿಲ್ಲ. ಆದರೆ ಬಂಗಲೆ ಪಾರಂಪರಿಕವೆನಿಸಿ ಅದೇ ಕಾಲದ ಲೈನ್‌ಮನೆ ಹಳೆಯ ಕಟ್ಟಡವಷ್ಟೇ ಎನಿಸಿದರೆ, ಉಳಿಸಿದ್ದು ಚರಿತ್ರೆಯ ಅರ್ಧ ಮಾತ್ರ. ಆಳುಗಳ ಹಾಡು, ವಲಸೆಯ ನೆನಪು ಯಾವ ಪಡಸಾಲೆಯ ಗೋಡೆಗೂ ಏರುವುದಿಲ್ಲ. ಅತಿಥಿಗಳೆದುರು ಬೆಂಕಿ ಹೊತ್ತಿಸಿ ಆಡಿಸುವ ಅರ್ಧ ಗಂಟೆಯ ಕುಣಿತ ಅವುಗಳ ಬದಲಿಯಾಗದು. ಆಡುವವರಿಗೆ ಅಲ್ಲಿ ಹಕ್ಕಿಲ್ಲ, ಕೂಲಿ ಮಾತ್ರ ಇದೆ.

ಮಲೆನಾಡಿನ ಹಲವು ತೋಟಗಳ ಅಂಚಿನಲ್ಲಿ ಚೌಡಿಯ ಬನವಿದೆ. ಹರಕೆಯ ದಿನ ಆಳುಗಳು ಅಲ್ಲಿ ಕೋಳಿ ಕೊಡುತ್ತಾರೆ. ತಂಗಿದವರ ನಿದ್ದೆಗೆ ಭಂಗವೆಂದು ಆ ದಿನದ ತಮಟೆಯನ್ನು ನಿಲ್ಲಿಸುವ ಬಂಗಲೆ, ಹೆಂಚಿಗೆ ಹೆಂಚು ಹೊಂದಿಸಿ ಎಷ್ಟೇ ನಿಷ್ಠೆಯಿಂದ ಕಟ್ಟಿದ್ದರೂ, ಬೀಡಾಗಿ ಉಳಿದಿಲ್ಲ.