ಹಿನ್ನೆಲೆ ಸೇವೆಯೊಡನೆ ಸಂವಹನ: ಒಂದು ವಿಮರ್ಶೆ

ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಪರದೆಯಿಲ್ಲದೆ ಕೆಲಸಮಾಡುವ 'ಸರ್ವಿಸ್' ಎಂಬ ಅಂಗವನ್ನು ನಾವು 'ಹಿನ್ನೆಲೆ ಸೇವೆ' ಎನ್ನುತ್ತೇವೆ. ಹೆಸರು ಸೊಗಸಾದುದೇ, ಆದರೆ ಈ ಸೇವೆ ಪರದೆಯಿಂದ ಬೇರ್ಪಟ್ಟೇ ನಡೆಯುವುದೆಂಬ ಭ್ರಮೆಗೆ ಅದು ಎಡೆಗೊಡುತ್ತದೆ. ಬೇರೆ ವಿಧಿಸದ ಹೊರತು ಎರಡೂ ಒಂದೇ ಪ್ರೋಸೆಸ್‌ನಲ್ಲಿ, ಒಂದೇ ಮುಖ್ಯ ಥ್ರೆಡ್‌ನ ಮೇಲೆ ನಡೆಯತಕ್ಕವು. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರದ ದೇವಾಲಯದ ಮೂರ್ತಿಯಂತೆ ರೂಪ ಎರಡು, ಒಡಲು ಒಂದು. ಆದುದರಿಂದ ದೀರ್ಘ ಕಾರ್ಯಕ್ಕೆ ಬೇರೊಂದು ಥ್ರೆಡ್ಡನ್ನು ಕಲ್ಪಿಸದಿದ್ದರೆ ಪರದೆಯೂ ಸ್ತಬ್ಧವಾಗುವುದು.

ಒಡಲು ಒಂದಾಗಿರುವಲ್ಲಿ ಬೈಂಡರ್ ಮೂಲಕ ನೇರವಾಗಿ ಕರೆದರೆ ಸಾಕು. ಸೇವೆ ಪ್ರತ್ಯೇಕ ಪ್ರೋಸೆಸ್‌ನಲ್ಲಿದ್ದರೆ ಸಂಬಂಧವು ದಾವಣಗೆರೆ-ಹರಿಹರಗಳದು. ನಡುವೆ ಓಲೆ ಹೋಗಬೇಕು. ಮೆಸೆಂಜರ್ ಆ ಓಲೆಗಳನ್ನು ಸರದಿಯಲ್ಲಿ ಒಂದೊಂದಾಗಿ ಒಪ್ಪಿಸುತ್ತದೆ. ಉತ್ತರ ಬೇಕಾದಲ್ಲಿ ಮರುವಿಳಾಸವನ್ನೂ ಓಲೆಯಲ್ಲೇ ಇರಿಸತಕ್ಕದ್ದು.

2017ರ ಆಂಡ್ರಾಯ್ಡ್ 8ರಿಂದ, ಪರದೆಯಿಂದ ಸರಿದ ಆ್ಯಪ್‌ನ ಸೇವೆ ಕೆಲವು ನಿಮಿಷಗಳಲ್ಲೇ ನಿಲ್ಲುವಂತಾಯಿತು. ಮುಂದುವರಿಯಬೇಕಾದರೆ ಅದು ನೋಟಿಫಿಕೇಷನ್ ತೋರಿಸಬೇಕು. ಇದು ತೊಡಕೆಂಬ ವಾದವನ್ನು ನಾವು ಒಪ್ಪಲಾರೆವು. ದಾವಣಗೆರೆಯಿಂದ ಹರಿಹರದವರೆಗೆ ಪ್ರಯಾಣಿಕನ ಜಾಡನ್ನು ಗುರುತಿಸುವ ಸೇವೆಯು ಆ್ಯಪ್‌ನೊಡನೆ ಮಾತನಾಡಿದರೆ ಸಾಲದು. ಆ ಪ್ರಯಾಣಿಕನಿಗೂ ತನ್ನ ಇರವನ್ನು ತಿಳಿಸತಕ್ಕದ್ದು.