ಅತಿಶಯೋಕ್ತಿಯೂ ಶರೀರವೂ

ಅಲಂಕಾರಗಳಲ್ಲಿ ಅತಿಶಯೋಕ್ತಿಗೆ ನಮ್ಮ ಲಾಕ್ಷಣಿಕರು ಹಿರಿದಾದ ಸ್ಥಾನವನ್ನು ಕೊಟ್ಟಿರುವರು. ನಾಯಿಕೆಯ ನಡುವು ಇದೆಯೋ ಇಲ್ಲವೋ ಎಂದು ಸಂದೇಹಪಡುವಷ್ಟು ಸಣ್ಣದೆಂದು ಕವಿಯು ವರ್ಣಿಸಿದರೆ ಸಹೃದಯನು ಅಳತೆಯ ದಾರವನ್ನು ಹಿಡಿದು ಹೊರಡುವುದಿಲ್ಲ. ಮಾತಿನ ಹಿಂದಿರುವ ಭಾವವನ್ನು ಹಿಡಿದು ಸಂತೋಷಪಡುತ್ತಾನೆ. ಆದರೆ ಆ ವರ್ಣನೆಯನ್ನು ಸ್ವಭಾವೋಕ್ತಿಯೆಂದೇ ಓದಿಕೊಂಡು, ತನ್ನ ನಡುವೂ ಹಾಗಾಗಬೇಕೆಂದು ಉಪವಾಸ ಹಿಡಿಯುವವಳೊಬ್ಬಳಿದ್ದರೆ, ದೋಷವು ಕಾವ್ಯದ್ದೋ ಓದಿನದ್ದೋ? ಈ ಪ್ರಶ್ನೆಯು ಬರಿಯ ಪಾಂಡಿತ್ಯದ ವಿನೋದವಲ್ಲವೆಂಬುದನ್ನು ಫಿನ್ಲೆಂಡ್ ದೇಶದ ಚಿತ್ರಕಾರನೊಬ್ಬನ ಕೃತಿಗಳಿಂದಲೂ, ಅವುಗಳನ್ನು ಕಂಡ ಜನದ ಚರಿತ್ರೆಯಿಂದಲೂ ತಿಳಿಯಬಹುದು.

ಟೌಕೊ ಲಾಕ್ಸೊನೆನ್ ಎಂಬಾತನು ೧೯೨೦ರಲ್ಲಿ ಹುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ತನ್ನ ದೇಶದ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಅನಂತರ ಹೆಲ್ಸಿಂಕಿಯಲ್ಲಿ ಜಾಹೀರಾತುಗಳ ಚಿತ್ರ ಬರೆದು ಜೀವಿಸಿದನು. ಪುರುಷನಲ್ಲಿ ಪುರುಷನಿಗಿರುವ ಅನುರಾಗವು ಅಲ್ಲಿ ೧೯೭೧ರವರೆಗೂ ದಂಡನೀಯವಾದ ಅಪರಾಧವಾಗಿದ್ದಿತು. ಆದಕಾರಣ ತನ್ನ ಮನಸ್ಸಿಗೆ ಪ್ರಿಯವಾದ ಚಿತ್ರಗಳನ್ನು ಆತನು ಗುಟ್ಟಾಗಿ ಬರೆದು, 'ಟಾಮ್' ಎಂಬ ಸಹಿಯಿಂದ ಲಾಸ್ ಏಂಜಲಿಸಿನ 'ಫಿಸೀಕ್ ಪಿಕ್ಟೋರಿಯಲ್' ಎಂಬ ಪತ್ರಿಕೆಗೆ ಕಳುಹಿಸಿದನು. ೧೯೫೭ರಲ್ಲಿ ಅದು ಅವನ್ನು ಪ್ರಕಟಿಸಿತು. 'ಟಾಮ್ ಆಫ್ ಫಿನ್ಲೆಂಡ್' ಎಂದು ಆತನನ್ನು ಕರೆದವನು ಅದರ ಸಂಪಾದಕ ಬಾಬ್ ಮೈಜರನು. ಈ ಚಿತ್ರಗಳಲ್ಲಿ ಬಹುಭಾಗವು ಬಹಿರಂಗವಾಗಿ ಶೃಂಗಾರಮಯವಾದುದು. ಅವು ಗೃಹಸ್ಥರ ಗೋಡೆಗೆ ತಕ್ಕುವಲ್ಲವೆಂದರೆ ನಾನು ವಾದಿಸೆನು. ಆದರೆ ಮುಖವನ್ನು ತಿರುಗಿಸಿಕೊಳ್ಳುವ ಸ್ವಾತಂತ್ರ್ಯವು ಗೃಹಸ್ಥನಿಗುಂಟು, ವಿಮರ್ಶಕನಿಗಿಲ್ಲ.

ಮೊದಲು ಗುಣವನ್ನು ಹೇಳೋಣ. ಆ ಕಾಲದ ನಾಟಕ, ಚಲಚ್ಚಿತ್ರ, ಹಾಸ್ಯಪತ್ರಿಕೆಗಳಲ್ಲಿ ಸಲಿಂಗಾನುರಾಗಿಯು ಬಂದನೆಂದರೆ ಒಂದೋ ಪರಿಹಾಸಕ್ಕೆ, ಇಲ್ಲವೇ ದುರಂತಕ್ಕೆ. ಅವನಿಗೆ ಪೌರುಷವಿಲ್ಲವೆಂಬುದು ಲೋಕದ ಸಿದ್ಧಾಂತವಾಗಿದ್ದಿತು. ಇದಕ್ಕೆ ಪ್ರತ್ಯುತ್ತರವಾಗಿ ಲಾಕ್ಸೊನೆನನು ಮರ ಕಡಿಯುವವರನ್ನೂ ನಾವಿಕರನ್ನೂ ಸೈನಿಕರನ್ನೂ ಬರೆದನು. ಅವರ ಎದೆ ವಿಶಾಲ, ನಡು ಸಣ್ಣದು. ಅದಕ್ಕಿಂತ ಮುಖ್ಯವಾಗಿ ಅವರ ಮುಖದಲ್ಲಿ ನಗುವಿದೆ, ಅಂಜಿಕೆಯಿಲ್ಲ. ಬಾಗಿಲು ಮುಚ್ಚಿಕೊಂಡು ಬದುಕುತ್ತಿದ್ದವನೊಬ್ಬನಿಗೆ ಆ ನಗುವು ಎಂತಹ ಅಭಯವಚನವಾಗಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಆದರೆ ಈ ಅಭಯವು ಬಂದ ದಾರಿಯನ್ನೂ ಗಮನಿಸಬೇಕು. ಇಂತಹ ಚಿತ್ರಗಳನ್ನು ನೇರವಾಗಿ ಮಾರಲು ಕಾನೂನಿನ ಭಯವಿದ್ದುದರಿಂದ ಪತ್ರಿಕೆಯು ವ್ಯಾಯಾಮದ ವೇಷವನ್ನು ಧರಿಸಬೇಕಾಯಿತು. ಪುರುಷನು ಪುರುಷನನ್ನು ನಿರ್ಭಯವಾಗಿ ನೋಡಲು ದೊರೆತ ಕಿಟಕಿಯು ಮಾಂಸಖಂಡಗಳ ಕಿಟಕಿಯೇ ಆಯಿತು. ಬರಬರುತ್ತ ಚಿತ್ರದ ಆಕೃತಿಗಳೂ ಬೆಳೆದುವು. ಮೊದಲಿನವರು ದುಡಿದು ಮೈ ಕಟ್ಟಿಕೊಂಡವರಂತೆ ಇದ್ದರೆ, ೧೯೭೦ ಮತ್ತು ೧೯೮೦ರ ದಶಕಗಳ ಪುರುಷರ ಭುಜಗಳೂ ತೋಳುಗಳೂ ನಿಸರ್ಗವು ಕಾಣದ ಪ್ರಮಾಣಕ್ಕೆ ಏರಿದುವು. ಇದು ಶುದ್ಧವಾದ ಅತಿಶಯೋಕ್ತಿ. ಸೀಸದ ಕಡ್ಡಿಗೆ ಯಕೃತ್ತಿಲ್ಲ, ಹೃದಯವಿಲ್ಲ. ಎಷ್ಟು ಉಬ್ಬಿಸಿದರೂ ಕಾಗದವು ತಾಳಿಕೊಳ್ಳುತ್ತದೆ.

ಶರೀರವು ಹಾಗೆ ತಾಳಿಕೊಳ್ಳಲಾರದು. ಟೆಸ್ಟೋಸ್ಟಿರಾನ್ ಎಂಬ ಪುರುಷರಸವನ್ನು ರಸಾಯನಶಾಸ್ತ್ರಜ್ಞರು ೧೯೩೫ರಲ್ಲಿ ಕೃತಕವಾಗಿ ತಯಾರಿಸಿದರು. ಅದರ ವಂಶದ ಡಯಾನಬಾಲ್ ಎಂಬ ಗುಳಿಗೆಯು ೧೯೫೮ರಲ್ಲಿ, ಎಂದರೆ ಟಾಮನ ಚಿತ್ರಗಳು ಅಚ್ಚಾದ ಮರುವರ್ಷ, ಅಮೆರಿಕದ ಪೇಟೆಗೆ ಬಂದಿತು. ಸ್ಟೀರಾಯ್ಡುಗಳೆಂದು ಕರೆಯುವ ಈ ಔಷಧಗಳು ಮಾಂಸವನ್ನು ಬೆಳೆಸುವುದು ನಿಜ. ಆದರೆ ಹೊರಗಿನಿಂದ ಬಂದುದನ್ನು ಕಂಡು ದೇಹವು ತನ್ನದನ್ನು ನಿಲ್ಲಿಸಿಬಿಡುತ್ತದೆ: ವೃಷಣಗಳು ಕುಗ್ಗುತ್ತವೆ, ಸಂತಾನಶಕ್ತಿಯು ಕುಂದುತ್ತದೆ. ರಸದ ಒಂದಂಶವು ಸ್ತ್ರೀರಸವಾಗಿ ಮಾರ್ಪಟ್ಟು ಎದೆಯು ಬೆಳೆಯುವುದೂ ಉಂಟು. ಹೃದಯದ ಗೋಡೆಯು ದಪ್ಪವಾಗುತ್ತದೆ. ಗುಳಿಗೆಗಳಿಂದ ಯಕೃತ್ತು ಕೆಡುತ್ತದೆ. ಬಿಟ್ಟಾಗ ಮನಸ್ಸು ವಿಷಾದದಲ್ಲಿ ಮುಳುಗುತ್ತದೆ. ಪೌರುಷದ ಚಿಹ್ನೆಗಾಗಿ ಪೌರುಷವನ್ನೇ ತೆತ್ತಂತಾಯಿತು.

ಇಷ್ಟಾದರೂ ಅದನ್ನು ಹಿಡಿದವರನ್ನು ಮೂಢರೆಂದು ತಳ್ಳಿಬಿಡುವುದು ಸಲ್ಲದು. ೧೯೮೧ರಲ್ಲಿ ಏಡ್ಸ್ ರೋಗವು ಕಾಣಿಸಿಕೊಂಡ ಮೇಲೆ ಈ ಜನರು ತಮ್ಮ ಮಿತ್ರರು ಎಲುಬಿನ ಹಂದರವಾಗಿ ಸಾಯುವುದನ್ನು ವರ್ಷವರ್ಷವೂ ಕಂಡರು. ಕೃಶವಾದ ದೇಹವೆಂದರೆ ಮೃತ್ಯುವಿನ ಸೂಚನೆ, ತುಂಬಿದ ದೇಹವೆಂದರೆ ಆರೋಗ್ಯದ ಸಾಕ್ಷಿ ಎಂಬ ಅರ್ಥವು ಹುಟ್ಟಿದುದು ಆ ಶ್ಮಶಾನದಲ್ಲಿ. ರೋಗದಿಂದ ಕ್ಷೀಣಿಸಿದವರಿಗೆ ವೈದ್ಯರೇ ಈ ಔಷಧಗಳನ್ನು ಕೊಟ್ಟರು, ಕೆಲವರು ಚೇತರಿಸಿಕೊಂಡರು. ಚಿಕಿತ್ಸೆಗಾಗಿ ಬಂದುದು ಕ್ರಮೇಣ ಅಲಂಕಾರಕ್ಕೂ ಬಂದಿತು. ೧೯೯೭ರಲ್ಲಿ ಮೈಕೆಲಾಂಜಲೊ ಸಿನ್ಯೊರಿಲೆ ಎಂಬ ಪತ್ರಿಕೋದ್ಯಮಿಯು, ತಾನೂ ಆ ಸಮುದಾಯದವನಾಗಿಯೇ, 'ಲೈಫ್ ಔಟ್‌ಸೈಡ್' ಎಂಬ ಗ್ರಂಥದಲ್ಲಿ ಈ ದೇಹಾರಾಧನೆಯನ್ನು ಕಟುವಾಗಿ ಖಂಡಿಸಿದನು. ಖಂಡನೆಯು ನ್ಯಾಯವಾದುದೇ; ಆದರೆ ಈ ಆರಾಧನೆಯ ಬೇರು ದುಃಖದಲ್ಲಿಯೂ ಇದೆಯೆಂಬುದನ್ನು ಓದುಗನು ಮರೆಯಬಾರದು.

ಇದು ಒಂದು ತಲೆಮಾರಿಗೆ ಮುಗಿದ ಕಥೆಯಲ್ಲ. ಅಮೆರಿಕದ ಶಾಲೆಗಳ ಹದಿಹರೆಯದ ಬಾಲಕರ ಉತ್ತರಗಳನ್ನು ಪರಿಶೀಲಿಸಿ ಬ್ಲಾಷಿಲ್ ಮತ್ತು ಸಾಫ್ರನ್ ಎಂಬ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಲಿಂಗಾನುರಾಗಿ ಮತ್ತು ದ್ವಿಲಿಂಗಾನುರಾಗಿ ಮೊದಲಾದ ಬಾಲಕರಲ್ಲಿ ನೂರಕ್ಕೆ ೨೧ ಮಂದಿ ಎಂದಾದರೊಮ್ಮೆ ಸ್ಟೀರಾಯ್ಡನ್ನು ಸೇವಿಸಿದುದಾಗಿ ಹೇಳಿಕೊಂಡರು. ಇತರರಲ್ಲಿ ನೂರಕ್ಕೆ ೪ ಮಂದಿ. ಬಾಲಕರು ತಾವೇ ಬರೆದುಕೊಟ್ಟ ಉತ್ತರಗಳಾದುದರಿಂದ ಅಂಕೆಯಲ್ಲಿ ಹೆಚ್ಚುಕಡಮೆ ಇರಬಹುದು. 

ಹಾಗಾದರೆ ಚಿತ್ರಕಾರನೇ ಅಪರಾಧಿಯೆ? ಅಲ್ಲವೆಂದೇ ನನ್ನ ಅಭಿಪ್ರಾಯ. ಆ ಬಾಲಕರಲ್ಲಿ ಎಷ್ಟು ಮಂದಿ ಟಾಮನ ಹೆಸರನ್ನು ಕೇಳಿದ್ದಾರು? ಮೇಲಾಗಿ ರೇಖಾಚಿತ್ರವು ತಾನು ಕಲ್ಪನೆಯೆಂದು ಒಪ್ಪಿಕೊಂಡೇ ನಿಲ್ಲುತ್ತದೆ. ವಂಚನೆಯಿರುವುದು ಛಾಯಾಚಿತ್ರದಲ್ಲಿ. ಸೂಜಿಮದ್ದಿನಿಂದ ಬೆಳೆದ ಮೈಯನ್ನು, ಸೂಜಿಯ ಸಂಗತಿಯನ್ನು ಮರೆಸಿ, ಇದು ಶ್ರಮದಿಂದಲೂ ಆಹಾರದಿಂದಲೂ ದೊರೆತ ಸಹಜರೂಪವೆಂದು ಜಾಹೀರಾತುಗಳು ತೋರಿಸುತ್ತವೆ. ಅತಿಶಯೋಕ್ತಿಯು ಸ್ವಭಾವೋಕ್ತಿಯ ಉಡುಪನ್ನು ತೊಟ್ಟು ಬಂದಾಗ ಸಹೃದಯನೂ ಮೋಸಹೋಗುತ್ತಾನೆ. ಈ ಬಲೆಗೆ ಬೀಳುವವರು ಸಲಿಂಗಾನುರಾಗಿಗಳು ಮಾತ್ರವಲ್ಲವೆಂಬುದನ್ನು ಪೋಪ್, ಫಿಲಿಪ್ಸ್, ಒಲಿವಾರ್ಡಿಯ ಎಂಬ ಮೂವರು ೨೦೦೦ದಲ್ಲಿ 'ದಿ ಅಡೋನಿಸ್ ಕಾಂಪ್ಲೆಕ್ಸ್' ಎಂಬ ಗ್ರಂಥದಲ್ಲಿ ತೋರಿಸಿಕೊಟ್ಟರು. ಆದರೆ ಬಾಲ್ಯದಿಂದ ನೀನು ಗಂಡಸಲ್ಲವೆಂಬ ಮಾತನ್ನು ಕೇಳಿ ಬೆಳೆದವನಿಗೆ ಗಂಡಸುತನದ ಪ್ರಮಾಣಪತ್ರವು ಹೆಚ್ಚು ಬೆಲೆಯುಳ್ಳದ್ದಾಗಿ ತೋರಿದರೆ ಆಶ್ಚರ್ಯವೇನು? ಮಾತನ್ನಾಡಿದವರು ನಮ್ಮಂತಹ ಮನೆಗಳವರೇ ಎಂಬುದನ್ನೂ ನೆನೆಯಬೇಕು.

ಲಾಕ್ಸೊನೆನನು ೧೯೯೧ರಲ್ಲಿ ತೀರಿಕೊಂಡನು. ಒಂದು ಕಾಲಕ್ಕೆ ಆತನ ಅನುರಾಗವನ್ನು ಅಪರಾಧವೆಂದ ದೇಶವೇ ೨೦೧೪ರಲ್ಲಿ ಆತನ ಚಿತ್ರಗಳನ್ನು ಅಂಚೆಯ ಚೀಟಿಯ ಮೇಲೆ ಅಚ್ಚು ಹಾಕಿಸಿತು. ಆ ಚಿತ್ರಗಳಲ್ಲಿ ಎರಡು ಸಂಗತಿಗಳಿದ್ದುವು: ಅಳತೆಮೀರಿದ ಭುಜಗಳು ಒಂದು, ಅಂಜದ ನಗುವು ಇನ್ನೊಂದು. ಮೊದಲನೆಯದು ಅಲಂಕಾರ, ಎರಡನೆಯದು ಅರ್ಥ. ಲೋಕವು ಅಲಂಕಾರವನ್ನು ಅನುಕರಿಸಿ ಅರ್ಥವನ್ನು ಕೈಬಿಟ್ಟಿತು. ಆ ನಗುವನ್ನು ಪಡೆಯಲು ಯಾವ ಔಷಧವೂ ಬೇಕಾಗಿರಲಿಲ್ಲ. ಸುತ್ತಣ ಜನರು ಅದಕ್ಕೆ ಅವಕಾಶವನ್ನು ಕೊಟ್ಟಿದ್ದರೆ ಸಾಕಾಗಿದ್ದಿತು.