ಆ ಹಾವು ಯಾರ ಭ್ರಮೆ?

ರೀಮೇಕ್ ಅಂದ ತಕ್ಷಣ ಮೂಗು ಮುರಿಯೋದು ನಮ್ಮಲ್ಲಿ ರೂಢಿ. ಆದರೆ ‘ಆಪ್ತಮಿತ್ರ’ (2004) ಬರೀ ಜೆರಾಕ್ಸ್ ಅಲ್ಲ. ಮಲಯಾಳಂನ ‘ಮಣಿಚಿತ್ರತ್ತಾಳ್’ನಲ್ಲಿ (1993) ಗಂಗಾಳೊಳಗಿನ ನಾಗವಲ್ಲಿ ಮಾತಾಡೋದು ತಮಿಳು. ಪಿ. ವಾಸು ಕನ್ನಡಕ್ಕೆ ತಂದಾಗ ಅದು ತೆಲುಗಾಯಿತು. ಮನೆಯಾಕೆ ಇದ್ದಕ್ಕಿದ್ದಂತೆ ಪಕ್ಕದ ನಾಡಿನ ಭಾಷೆಯಲ್ಲಿ ಗುಡುಗಿದಾಗ ಹುಟ್ಟುವ ಭಯ ಇದೆಯಲ್ಲ, ಅದು ಹಾಗೇ ಉಳೀತು. ಸೌಂದರ್ಯ ಅದನ್ನು ಕಣ್ಣಲ್ಲೇ ತೋರಿಸಿದರು.

ಎಡವಿದ್ದು ಹಾವಿನಲ್ಲಿ. ಫಾಸಿಲ್ ಚಿತ್ರದ ನಾಗವಲ್ಲಿ ಇರುವುದು ಗಂಗಾಳ ಮನಸ್ಸಿನಲ್ಲಿ. ಅದಕ್ಕೇ ಅವಳ ಬಗ್ಗೆ ಮರುಕ ಹುಟ್ಟುತ್ತೆ. ವಾಸು ತಂದ ದೊಡ್ಡ ಹಾವು ಯಾರ ಭ್ರಮೆಯೂ ಅಲ್ಲ, ನಮ್ಮ ಕಣ್ಣಿಗೇ ಕಾಣುತ್ತೆ. ಡಾಕ್ಟರ್ ಇದು ಕಾಯಿಲೆ ಅಂತಿದ್ದರೆ, ಕ್ಯಾಮೆರಾ ‘ಇನ್ನೂ ಏನೋ ಇದೆ ಕಣ್ರೀ’ ಅಂತ ಪಿಸುಗುಡುತ್ತೆ. ಊರು, ಭಾಷೆ ಬದಲಿಸಲಿ, ತಪ್ಪೇನಿಲ್ಲ. ಆದರೆ ಕಥೆಯ ನಿಲುವೇ ಅಲುಗಾಡಿದರೆ, ಗಂಗಾಳ ಕಾಯಿಲೆ ಮತ್ತೆ ದೆವ್ವವೇ ಆಗಿಬಿಡುತ್ತೆ.